ಅನಸೂಯ ಜ್ಯೂರಿಗೆ ಕೂತದ್ದು

ಅನಸೂಯ ನ್ಯೂ ಜರ್ಸಿಯ ಓಲ್ಡ್ ಬ್ರಿಡ್ಜ್‌ನ ಮನೆಯಿಂದ ಅರ್ಧ ಗಂಟೆ ದೂರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಅಮೆರಿಕದ ಸಂವಿಧಾನದ ಪಾಠ ಮಾಡುತ್ತಿದ್ದಳು. ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ಮದುವೆಯಾಗಿ ಬಂದು, ಇಲ್ಲಿ ಇನ್ನೊಮ್ಮೆ ಓದಿ ಹಿಡಿದ ಕೆಲಸ. ಪಾಠದಲ್ಲಿ ಅವಳಿಗೆ ಬಹಳ ಪ್ರೀತಿಯ ಭಾಗವೊಂದಿತ್ತು. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ವಿಲಿಯಂ ಪೆನ್ ಎಂಬ ತರುಣ ಬೀದಿಯಲ್ಲಿ ನಿಂತು ಧರ್ಮ ಬೋಧಿಸಿದನೆಂದು ವಿಚಾರಣೆ ನಡೆಯಿತು. ಊರಿನ ಸಾಮಾನ್ಯ ಜನರಿಂದ ಆರಿಸಿದ ಹನ್ನೆರಡು ಜನರ ಜ್ಯೂರಿ ಅವನನ್ನು ಅಪರಾಧಿ ಎನ್ನಲು ಒಪ್ಪಲಿಲ್ಲ. ನ್ಯಾಯಾಧೀಶರು ಸಿಟ್ಟಾಗಿ ಅವರನ್ನು ಅನ್ನ, ನೀರು, ಬೆಂಕಿ ಕೊಡದೆ ಕೂಡಿಹಾಕಿದರು. ಆದರೂ ಅವರು ಜಗ್ಗಲಿಲ್ಲ. ಅದಕ್ಕಾಗಿ ಹಾಕಿದ ದಂಡ ಕಟ್ಟಲೊಲ್ಲದೆ ಜೈಲಿಗೆ ಹೋದ ಬುಷೆಲ್ ಎಂಬ ಜ್ಯೂರರನ ದೆಸೆಯಿಂದ, ತೀರ್ಪು ಹಿಡಿಸಲಿಲ್ಲವೆಂದು ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ಇಂಗ್ಲೆಂಡಿನಲ್ಲಿ ಇತ್ಯರ್ಥವಾಯಿತು. ಮುಂದೆ ಅದೇ ಪೆನ್ ಜರ್ಸಿಯ ನೆಲದ ಪಾಲುದಾರರಲ್ಲಿ ಒಬ್ಬನಾದ. ಇಲ್ಲಿನ ಮೊದಮೊದಲ ಕಾನೂನುಗಳಲ್ಲೇ ಜ್ಯೂರಿಯ ಹಕ್ಕು ಸೇರಿತು. ನೂರು ವರ್ಷ ಕಳೆದು ದೇಶದ ಸಂವಿಧಾನಕ್ಕೂ ಬಂತು.

"ಸಂವಿಧಾನ ಅನ್ನೋದು ಫಿಲಡೆಲ್ಫಿಯಾದ ಒಂದು ಸಭೆಯಲ್ಲಿ ಹುಟ್ಟಿತು ಅಂತ ತಿಳಿಯಬೇಡಿ. ಹಸಿದು ಕೂತರೂ ಹೂಂ ಅನ್ನದ ಜನ ಅದಕ್ಕಿಂತ ಮುಂಚೆ ಇದ್ದರು" ಎಂದು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದಳು.

ಹಾಗಾಗಿ ಕೌಂಟಿ ಕೋರ್ಟಿನಿಂದ ಜ್ಯೂರಿ ಕರೆ ಬಂದಾಗ ಅವಳಿಗೆ ಸಂತೋಷವೇ ಆಯಿತು. ಗಂಡ ದಿವಾಕರ ಜರ್ಸಿ ಸಿಟಿಗೆ ಹೊರಡುವ ಅವಸರದಲ್ಲಿ ಕಾಫಿ ಕುಡಿಯುತ್ತ ನಕ್ಕ.

"ಎಲ್ಲರೂ ತಪ್ಪಿಸ್ಕೊಳ್ಳೋಕೆ ನೋಡ್ತಾರೆ. ನೀನು ಆರತಿಗೆ ಹೊರಟ ಹಾಗೆ ಹೊರಟಿದ್ದೀಯ."

"ಇಷ್ಟು ವರ್ಷ ಪಾಠ ಮಾಡಿದ್ದೀನಲ್ಲ ರೀ. ಒಂದ್ಸಲ ಒಳಗೆ ಕೂತು ನೋಡಬೇಡ್ವಾ?"

ನ್ಯೂ ಬ್ರನ್ಸ್‌ವಿಕ್‌ನ ಕೋರ್ಟಿನಲ್ಲಿ ಆಯ್ಕೆಯಾಗಿ ಅವಳು ಜ್ಯೂರಿಗೆ ಮೀಸಲಾದ ಆಸನಗಳ ಮೊದಲ ಸಾಲಿನಲ್ಲಿ ಕೂತಳು. ಆರೋಪಿ ಇಂದ್ರಾಣಿ ಪರ್ಸಾದ್ ಎಂಬ ಹೆಂಗಸು. ಮನೆಗೆ ಬಂದು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದವಳು. ದಕ್ಷಿಣ ಅಮೆರಿಕದ ಗಯಾನಾ ದೇಶದವಳು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿನ ಕಬ್ಬಿನ ತೋಟಕ್ಕೆ ಹಡಗು ಹತ್ತಿ ಹೋದ ಬಿಹಾರದ ಕೂಲಿಗಳ ಸಂತತಿ. ಅವಳು ನೋಡಿಕೊಳ್ಳುತ್ತಿದ್ದ ಮುದುಕಿಯ ವಜ್ರದುಂಗುರ ಕಳುವಾಗಿತ್ತು. ಹಳೆ ಚಿನ್ನ ಕೊಳ್ಳುವ ಅಂಗಡಿಯೊಂದರಲ್ಲಿ ಅದು ಸಿಕ್ಕಿತ್ತು. ಮಾರಿದವಳ ಗುರುತಿನ ಚೀಟಿ ಕೇಳದೆ ಕೊಂಡಿದ್ದ ಅಲ್ಲಿನ ಗುಮಾಸ್ತ, ಪೊಲೀಸರು ತೋರಿಸಿದ ಫೋಟೋಗಳಲ್ಲಿ ಇಂದ್ರಾಣಿಯದನ್ನು ಆರಿಸಿದ್ದ. ಆ ಮನೆಗೆ ಹೋಗಿ ಬರುವವರು ಬೇರೆಯವರೂ ಇದ್ದರು. ಗುಮಾಸ್ತನ ಕಣ್ಣನ್ನು ಬಿಟ್ಟರೆ ಗಟ್ಟಿಯಾದ ಸಾಕ್ಷಿ ಬೇರೆ ಇರಲಿಲ್ಲ.

ಎರಡನೆಯ ದಿನ, ವಿಚಾರಣೆಯ ನಡುವೆ ಬಿಡುವು ಕೊಟ್ಟಾಗ, ಅನಸೂಯ ರೆಸ್ಟ್‌ರೂಮಿಗೆ ಹೋಗಿ ಕಾರಿಡಾರಿನಲ್ಲಿ ಹಿಂದಿರುಗುತ್ತಿದ್ದಳು. ಚಳಿಗೆ ಶಾಲು ಹೊದ್ದಿದ್ದರಿಂದ ಎದೆಯ ಮೇಲಿನ ಜ್ಯೂರರ್ ಬ್ಯಾಡ್ಜು ಮುಚ್ಚಿಹೋಗಿತ್ತು. ಬೆಂಚಿನ ಮೇಲೆ ಕೂತಿದ್ದ ದಪ್ಪನೆಯ ಬಿಳಿಯ ಯುವಕನೊಬ್ಬ ಅವಳನ್ನು ಕಂಡವನೇ ಎದ್ದು ನಿಂತ.

"ಮೇಡಂ, ಸಾರಿ" ಎಂದ ಅವನು, ತಗ್ಗಿದ ದನಿಯಲ್ಲಿ. "ನಿಮ್ಮ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ನೀವು ಉಂಗುರ ತಂದು ಮಾರಿದ್ದನ್ನು ನಾನು ನೋಡಿದ್ದೇನೆ. ಅದನ್ನು ಹೇಳಲೇಬೇಕು. ಅಷ್ಟೇ."

ಅನಸೂಯಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಮುಖಕ್ಕೆ ರಕ್ತ ನುಗ್ಗಿತು. ಅವನು ಅವಳನ್ನೇ ಇಂದ್ರಾಣಿ ಎಂದುಕೊಂಡಿದ್ದ. ಅವಳು ಬಿರಬಿರನೆ ನಡೆದು ಜ್ಯೂರಿ ಕೋಣೆ ಸೇರಿಕೊಂಡಳು.

ಹೊರಗಿನವರು ಯಾರೇ ಮಾತಾಡಿಸಿದರೂ ಕೂಡಲೇ ತಿಳಿಸಬೇಕು ಎಂದು ನ್ಯಾಯಾಧೀಶೆ ಮೊದಲ ದಿನವೇ ಎಚ್ಚರಿಸಿದ್ದರು. ಬಾಗಿಲ ಬಳಿ ಕೋರ್ಟಿನ ಆಫೀಸರ್ ನಿಂತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಏನೆಂದು ಹೇಳುವುದು? ನನ್ನನ್ನು ಆ ಕಳ್ಳತನದ ಆಯಾ ಎಂದುಕೊಂಡ ಎಂದೇ? ಪಕ್ಕದಲ್ಲಿ ಇನ್ನಿಬ್ಬರು ಜ್ಯೂರರುಗಳು ಕಾಫಿ ಹಿಡಿದು ನಿಂತಿದ್ದರು. ಅವರ ಮುಂದೆ ಆ ಮಾತು ಆಡಲು ಅವಳ ನಾಲಿಗೆ ಏಳಲಿಲ್ಲ. ಹೊಸ ಕಾಟನ್ ಸಿಲ್ಕ್ ಕುರ್ತಾ, ಮುತ್ತಿನ ಓಲೆ, ಪ್ರೊಫೆಸರ್ ಎಂಬ ಹೆಸರು, ಇಷ್ಟೆಲ್ಲ ಇದ್ದೂ ಅವನಿಗೆ ಕಂಡದ್ದು ಒಬ್ಬ ಆಯಾ.

ಆ ಯುವಕನೇ ಗುಮಾಸ್ತ. ಬಿಡುವಿನ ನಂತರ ಸಾಕ್ಷಿ ಕಟ್ಟೆ ಏರಿದವನು ಜ್ಯೂರಿಯ ಕಡೆ ತಿರುಗಿ ಅನಸೂಯಳನ್ನು ಕಂಡ. ಅವನ ಕಿವಿ ಕೆಂಪಾಯಿತು. ಕಣ್ಣು ಹೊರಳಿಸಿ, ವಕೀಲರ ಮೇಜಿನ ಬಳಿ ಕೂತಿದ್ದ ಇಂದ್ರಾಣಿಯನ್ನು ನೋಡಿದ.

"ಆ ದಿನ ಬಂದವರು ಈ ಕೋಣೆಯಲ್ಲಿ ಇದ್ದಾರಾ?"

"ಇದ್ದಾರೆ. ಅಲ್ಲಿ ಕೂತವರು."

"ಖಂಡಿತವಾಗಿಯೂ?"

"ಖಂಡಿತವಾಗಿಯೂ."

ಅನಸೂಯ ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿಕೊಂಡಳು.

ಜ್ಯೂರಿ ಕೋಣೆಯಲ್ಲಿ ಚರ್ಚೆ ಶುರುವಾದಾಗ, ಅನುಮಾನವಿದೆ ಎಂದು ಅವಳು ಹೇಳಿದ್ದು ನಿಜ. ಒಬ್ಬನೇ ಸಾಕ್ಷಿ, ಅವನೂ ಒಂದೇ ಸಲ ನೋಡಿದವನು ಎಂದಳು. ಕಾರಿಡಾರಿನ ಸಂಗತಿ ಮಾತ್ರ ಬಾಯಿಗೆ ಬರಲಿಲ್ಲ. ಅವಳ ಜೊತೆಗಿದ್ದ ಇನ್ನೊಬ್ಬರು ಮಧ್ಯಾಹ್ನದ ಹೊತ್ತಿಗೆ ಆಚೆ ಪಕ್ಷಕ್ಕೆ ಹೋದರು. ತೀರ್ಪಿಗೆ ಎಲ್ಲರ ಒಪ್ಪಿಗೆ ಬೇಕಿತ್ತು; ಉಳಿದವಳು ಅವಳೊಬ್ಬಳೇ. ಜ್ಯೂರಿಯ ಮುಖ್ಯಸ್ಥ ವಾಲ್ಟರ್ ಎಂಬ ನಿವೃತ್ತ ವಿಮಾ ಅಧಿಕಾರಿ. ಮೃದು ಮಾತಿನ ಮನುಷ್ಯ.

"ಅನಸೂಯ, ನಿಮಗೆ ಕನಿಕರ ಬರುವುದು ಸಹಜ" ಎಂದರು ಅವರು. "ಎಷ್ಟಾದರೂ ಆಕೆ ನಿಮ್ಮವಳು."

"ಆಕೆ ನಮ್ಮವಳಲ್ಲ."

ಬೇಕಾದ್ದಕ್ಕಿಂತ ಗಟ್ಟಿಯಾಗಿ ಆ ಮಾತು ಹೊರಬಿತ್ತು. ಎಲ್ಲರೂ ಅವಳ ಕಡೆ ತಿರುಗಿದರು. ನಮ್ಮವಳಲ್ಲ ಎಂದ ಮೇಲೆ ಅದನ್ನು ತೋರಿಸಿಕೊಡಬೇಕು ಎನ್ನಿಸಿತು. ನಾನು ಸಾಕ್ಷ್ಯವನ್ನಷ್ಟೇ ನೋಡುವವಳು, ಬಣ್ಣ ನೋಡುವವಳಲ್ಲ ಎಂದಳು. ವಾಲ್ಟರ್ ಮತ್ತೊಮ್ಮೆ ಕೈ ಎತ್ತಿಸಿದಾಗ ಅವಳ ಕೈಯೂ ಮೇಲೆದ್ದಿತು. ಅವಳನ್ನು ಯಾರೂ ಹಸಿವಿನಲ್ಲಿ ಕೂಡಿಹಾಕಿರಲಿಲ್ಲ. ಮೇಜಿನ ಮೇಲೆ ಸ್ಯಾಂಡ್‌ವಿಚ್ ಇನ್ನೂ ಉಳಿದಿತ್ತು.

ತೀರ್ಪು ಓದಿದ ಮೇಲೆ ಇಂದ್ರಾಣಿಯ ವಕೀಲೆ ಪ್ರತಿ ಜ್ಯೂರರನ್ನೂ ಬೇರೆ ಬೇರೆಯಾಗಿ ಕೇಳಬೇಕೆಂದು ಬೇಡಿಕೊಂಡಳು. ಅದೂ ಇಂಗ್ಲೆಂಡಿನಿಂದ ಬಂದ ಪದ್ಧತಿಯೇ. ಒಬ್ಬೊಬ್ಬರೂ ಎಲ್ಲರೆದುರು ತಮ್ಮ ಬಾಯಿಂದಲೇ ಹೇಳಬೇಕು. ಬೇಡವೆನ್ನಲು ಅದು ಕೊನೆಯ ಅವಕಾಶ. ಅನಸೂಯಳ ಸರದಿ ಬಂತು. ಇಂದ್ರಾಣಿ ಅವಳನ್ನೇ ನೋಡುತ್ತಿದ್ದಳು.

"ಇದು ನಿಮ್ಮ ತೀರ್ಪೇ?"

"ಹೌದು" ಎಂದಳು ಅನಸೂಯ.

ಶಿಕ್ಷೆ ಹೇಳುವುದು ಮುಂದಿನ ತಿಂಗಳಿಗೆ ನಿಗದಿಯಾಯಿತು. ಮನೆಯಲ್ಲಿ ದಿವಾಕರ ಕೇಳಿದಾಗ "ಗಿಲ್ಟಿ ಅಂದ್ವಿ" ಎಂದಷ್ಟೇ ಹೇಳಿ ಅಕ್ಕಿ ತೊಳೆಯಲು ಹೋದಳು. ಕಾಲೇಜಿನಲ್ಲಿ ಆ ವಾರ ಬುಷೆಲ್ಲನ ಪಾಠ ಬರಬೇಕಿತ್ತು. ಅದನ್ನು ಬಿಟ್ಟು ನೇರವಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಅಧ್ಯಾಯಕ್ಕೆ ಹೋದಳು. ವಿದ್ಯಾರ್ಥಿಗಳಿಗೆ ಏನೂ ತಿಳಿಯಲಿಲ್ಲ.

ಅವಳಿಗೆ ನಿದ್ದೆ ಹತ್ತದಾಯಿತು. ಜ್ಯೂರಿ ಕೋಣೆಯೊಳಗೆ ಆಡಿದ ಮಾತಿನಿಂದ ತೀರ್ಪು ಕೆಡಿಸಲು ಆಗದು ಎಂಬ ನಿಯಮ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನದು. ಅದು ಈ ದೇಶಕ್ಕೂ ಹಾಗೆಯೇ ಬಂದಿತ್ತು. ಆದರೆ ಕೋಣೆಯ ಹೊರಗೆ ನಡೆದದ್ದನ್ನು, ಹೊರಗಿನವರು ಬಂದು ಆಡಿದ ಮಾತನ್ನು ಜ್ಯೂರರ್ ಹೇಳಬಹುದು. ಇದನ್ನೂ ಅವಳು ಪಾಠ ಮಾಡಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವ ದಾರಿಯೂ ಅವಳಿಗಿರಲಿಲ್ಲ.

ಒಂದು ಭಾನುವಾರ ಮಗಳು ಇಂಚರಾ ಹೋಬೋಕನ್‌ನಿಂದ ಊಟಕ್ಕೆ ಬಂದಿದ್ದಳು. ಊಟದ ಮಧ್ಯೆ ಅನಸೂಯ ಎಲ್ಲವನ್ನೂ ಹೇಳಿಬಿಟ್ಟಳು. ದಿವಾಕರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ಈಗ ಹೋಗಿ ಹೇಳಿದ್ರೆ ನಿನ್ನನ್ನೇ ಹಿಡ್ಕೋತಾರೆ ಅನು. ಕಂಟೆಂಪ್ಟ್ ಆಫ್ ಕೋರ್ಟ್ ಅಂತಾರೆ. ಕಾಲೇಜಿಗೂ ಗೊತ್ತಾಗತ್ತೆ. ಮುಗಿದು ಹೋದ ವಿಷಯ."

"ಆಕೆಗೆ ಮುಗಿದಿಲ್ಲವಲ್ಲ ರೀ."

"ಬಟ್ ಅಮ್ಮಾ, ವೈ ಡಿಡಂಟ್ ಯು ಟೆಲ್ ದಿ ಜಡ್ಜ್ ದಟ್ ಡೇ?" ಎಂದಳು ಇಂಚರಾ.

"ನನ್ನನ್ನ ಅವಳು ಅಂದ್ಕೊಂಡ ಅಂತ ಹೇಳೋಕೆ ಅವಮಾನ ಆಯ್ತು ಕಣೇ."

ಇಂಚರಾ ಅಮ್ಮನ ಕಡೆ ಪೂರ್ತಿ ತಿರುಗಿದಳು. "ಸೋ, ಲುಕಿಂಗ್ ಲೈಕ್ ಹರ್ ವಾಸ್ ದಿ ಇನ್ಸಲ್ಟ್?"

ಆಕೆಯ ಹಾಗೆ ಕಾಣುವುದೇ ಅವಮಾನವಾಯಿತೇ ಎಂದು ಮಗಳು ಕೇಳಿದ್ದು ಅನಸೂಯಳಿಗೆ ನಾಟಿತು. ಅಜ್ಜಿ ಬದುಕಿದ್ದಾಗ ಮೈಸೂರಿನ ಮನೆಯಲ್ಲಿ ಕೆಲಸದ ವೀರಬಸಮ್ಮನಿಗೆ ಹಿತ್ತಲ ಬಾಗಿಲಲ್ಲಿ ಬೇರೆ ಲೋಟದಲ್ಲಿ ಕಾಫಿ ಕೊಡುತ್ತಿದ್ದುದು ನೆನಪಾಯಿತು. ಅದನ್ನೆಲ್ಲ ಹಿಂದೆ ಬಿಟ್ಟು ಬಂದೆ ಎಂದು ಇಷ್ಟು ದಿನ ತಿಳಿದಿದ್ದಳು. ಮಗಳ ಮುಖ ನೋಡಲಾರದೆ ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಬೆಳಿಗ್ಗೆ ನ್ಯಾಯಾಧೀಶೆಯ ಕಚೇರಿಗೆ ಫೋನ್ ಮಾಡಿದಳು. ಎರಡೂ ಕಡೆಯ ವಕೀಲರಿಗೆ ಸುದ್ದಿ ಹೋಗಿ, ತುಂಬಿದ ಕೋರ್ಟಿನಲ್ಲಿ ಅವಳು ಪ್ರಮಾಣ ಮಾಡಿ ಸಾಕ್ಷಿ ಹೇಳುವುದೆಂದಾಯಿತು. ಆ ದಿನ ದಿವಾಕರ ರಜೆ ಹಾಕಿ ತಾನೇ ಡ್ರೈವ್ ಮಾಡಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತ. ಇಂದ್ರಾಣಿ ತನ್ನ ತಂಗಿಯ ಜೊತೆ ಬಂದಿದ್ದಳು. ಮೊದಲಿಗಿಂತ ಸೊರಗಿದ್ದಳು.

ಅನಸೂಯ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಇಂದ್ರಾಣಿಯ ವಕೀಲೆ ದಯೆಯಿಂದಲೇ ಕೇಳಿದಳು: "ಆ ಮಾತಿನ ಮಹತ್ವ ನಿಮಗೆ ಆಗ ಹೊಳೆದಿರಲಿಲ್ಲ, ಅಲ್ಲವೇ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಹೊಳೆದಿತ್ತು" ಎಂದಳು ಅನಸೂಯ.

"ಹಾಗಾದರೆ ಯಾಕೆ ಹೇಳಲಿಲ್ಲ?" ಈ ಸಲ ಕೇಳಿದವರು ನ್ಯಾಯಾಧೀಶೆ.

"ಒಬ್ಬ ಆಯಾ ಹಾಗೆ ಕಂಡೆನಲ್ಲ ಎಂದು ನಾಚಿಕೆಯಾಯಿತು. ಅದನ್ನು ಉಳಿದವರೆದುರು ಹೇಳಲು ನನ್ನ ಜಂಬ ಬಿಡಲಿಲ್ಲ."

ಹೇಳುವಾಗ ಅವಳು ಇಂದ್ರಾಣಿಯ ಕಡೆ ನೋಡಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದಳು. ನೋಡಲು ಆಗಲಿಲ್ಲ.

ಗುಮಾಸ್ತನನ್ನೂ ಕರೆಸಿದ್ದರು. ಅವನು ಮುಚ್ಚಿಡಲಿಲ್ಲ. ಕಾರಿಡಾರಿನಲ್ಲಿ ಇವರನ್ನೇ ಆಕೆ ಎಂದುಕೊಂಡೆ, ಒಳಗೆ ಮೇಜಿನ ಬಳಿ ಬೇರೆಯವರು ಕೂತಿದ್ದು ಕಂಡು, ಸರಿ, ಅವರೇ ಇರಬೇಕು ಎಂದುಕೊಂಡೆ ಎಂದ. ನ್ಯಾಯಾಧೀಶೆ ತೀರ್ಪನ್ನು ರದ್ದು ಮಾಡಿ ಹೊಸ ವಿಚಾರಣೆಗೆ ಆಜ್ಞೆ ಮಾಡಿದರು. ಅನಸೂಯಳಿಗೆ ಹೇಳಿದ್ದು ಇಷ್ಟೇ: "ನೀವು ಮಾಡಿದ ಪ್ರಮಾಣವನ್ನು ನೀವು ಉಳಿಸಿಕೊಳ್ಳಲಿಲ್ಲ. ತಡವಾಗಿಯಾದರೂ ಬಂದಿರಿ. ಹೋಗಬಹುದು." ದಂಡವನ್ನಾದರೂ ಹಾಕಬಾರದಿತ್ತೇ ಎನ್ನಿಸಿತು ಅವಳಿಗೆ.

ಹೊರಗೆ ಮೆಟ್ಟಿಲ ಬಳಿ ಇಂದ್ರಾಣಿ ತಂಗಿಯ ಕಾರಿಗಾಗಿ ಕಾಯುತ್ತಿದ್ದಳು. ಅನಸೂಯ ದಿವಾಕರನನ್ನು ಮುಂದೆ ಕಳಿಸಿ ಅವಳ ಹತ್ತಿರ ಹೋದಳು. ಕ್ಷಮಿಸಿ ಎಂದಳು. ಕೆಲಸದ ವಿಷಯದಲ್ಲಿ ಏನಾದರೂ ನೆರವು ಬೇಕಿದ್ದರೆ, ತನ್ನ ಪರಿಚಯದವರು ಇದ್ದಾರೆ ಎಂದಳು.

"ನನ್ನನ್ನು ಮನೆಗಳಿಗೆ ಕಳಿಸುತ್ತಿದ್ದ ಏಜೆನ್ಸಿಯವರು ಆಗಲೇ ತೆಗೆದುಹಾಕಿದ್ದಾರೆ" ಎಂದಳು ಇಂದ್ರಾಣಿ. ಅವಳ ಇಂಗ್ಲಿಷಿಗೆ ಗಯಾನಾದ ಹಾಡಿನಂಥ ಎಳೆತವಿತ್ತು. "ಆ ಅಜ್ಜಿ ನನ್ನ ಕೈಯಿಂದಲ್ಲದೆ ಊಟ ಮಾಡುತ್ತಿರಲಿಲ್ಲ. ಈಗ ಹೇಗಿದ್ದಾರೋ ಗೊತ್ತಿಲ್ಲ."

"ನಾನು ವಿಚಾರಿಸಲೇ?"

"ಬೇಡ. ನೀವು ನನ್ನ ಯಾವ ವಿಷಯಕ್ಕೂ ಬರುವುದು ಬೇಡ." ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಕೋರ್ಟಿನಲ್ಲಿ ಮೊದಲ ದಿನ ನಿಮ್ಮನ್ನು ಕಂಡು ನನಗೆ ಧೈರ್ಯ ಬಂದಿತ್ತು. ಅಮ್ಮನಿಗೆ ಫೋನ್ ಮಾಡಿ, ಜ್ಯೂರಿಯಲ್ಲಿ ನಮ್ಮವರು ಒಬ್ಬರಿದ್ದಾರೆ ಎಂದಿದ್ದೆ."

ಕಾರು ಬಂತು. ಅವಳು ಹತ್ತಿ ಬಾಗಿಲು ಹಾಕಿಕೊಂಡಳು.

ಚಳಿಗಾಲ ಕಳೆಯುವಷ್ಟರಲ್ಲಿ ಸರ್ಕಾರದ ಕಡೆಯವರು ಮೊಕದ್ದಮೆಯನ್ನು ಕೈಬಿಟ್ಟರು. ಅನಸೂಯ ಆ ಸುದ್ದಿಯನ್ನು ಕೋರ್ಟಿಗೆ ಫೋನ್ ಮಾಡಿ ತಿಳಿದುಕೊಂಡಳು. ಅಷ್ಟರಲ್ಲಿ ಸಂಗತಿ ಹೇಗೋ ಓಲ್ಡ್ ಬ್ರಿಡ್ಜ್‌ನ ಕನ್ನಡದವರಲ್ಲಿ ಹರಡಿತ್ತು. ಹರಡುವಾಗ ಬೇರೆಯೇ ಆಗಿತ್ತು. ಯುಗಾದಿಯ ಮಾರನೆಯ ಶನಿವಾರ ನಳಿನಾಕ್ಷಿಯ ಮನೆಯಲ್ಲಿ ಎಲ್ಲ ಸೇರಿದ್ದರು. ಡಾಕ್ಟರ್ ನಳಿನಾಕ್ಷಿ ಮಂಡ್ಯದ ಕಡೆಯವಳು, ಅನಸೂಯಳಿಗೆ ಇಪ್ಪತ್ತು ವರ್ಷದ ಗೆಳತಿ.

"ನಮ್ಮ ಅನು ಸಾಮಾನ್ಯಳಲ್ಲ" ಎಂದಳು ಅವಳು ಎಲ್ಲರಿಗೂ ಕೇಳುವ ಹಾಗೆ. "ಯಾವಳೋ ಪಾಪದ ಹೆಂಗಸನ್ನ ಜೈಲಿಂದ ಉಳಿಸಿದ್ದಾಳೆ. ಕೋರ್ಟಲ್ಲಿ ಎದ್ದು ನಿಂತು ಹೇಳಿದ್ಳಂತೆ. ಕಾನ್ಸ್ಟಿಟ್ಯೂಷನ್ ಓದಿದ್ದಕ್ಕೂ ಸಾರ್ಥಕ."

ಯಾರೋ ಚಪ್ಪಾಳೆ ತಟ್ಟಿದರು. ದಿವಾಕರ ಹೆಂಡತಿಯ ಕಡೆ ನೋಡಿದ. ಸುಮ್ಮನಿದ್ದು ನಕ್ಕುಬಿಟ್ಟರೆ ಸಾಕು ಎಂಬ ಹಾಗಿತ್ತು ಅವನ ಮುಖ.

"ಉಳಿಸಿದ್ದಲ್ಲ ನಳಿನಿ" ಎಂದಳು ಅನಸೂಯ. "ಆಕೆಯನ್ನ ಗಿಲ್ಟಿ ಅಂದವರಲ್ಲಿ ನಾನೂ ಒಬ್ಬಳು. ಆಕೆ ಮಾಡಿಲ್ಲದೇ ಇರಬಹುದು ಅಂತ ನನ್ನೊಬ್ಬಳಿಗೇ ಗೊತ್ತಿತ್ತು. ನನ್ನನ್ನ ಆಯಾ ಅಂದ್ಕೊಂಡ್ರಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದೆ."

ಸೋಫಾದ ತುದಿಯಲ್ಲಿ ಕೂತಿದ್ದ ಶೈಲಮ್ಮ ಎಂಬ ಹಿರಿಯರು ಸೆರಗು ಸರಿಮಾಡಿಕೊಂಡರು. ನಳಿನಾಕ್ಷಿ ಒಬ್ಬಟ್ಟು ಬಿಸಿ ಮಾಡುತ್ತೇನೆಂದು ಒಳಗೆ ಹೋದಳು. ಉಳಿದವರು ಮನೆ ಬೆಲೆಯ ಬಗ್ಗೆ ಮಾತು ತೆಗೆದರು. ಅನಸೂಯಳನ್ನು ಆ ಸಂಜೆ ಮತ್ತೆ ಯಾರೂ ಮಾತಾಡಿಸಲಿಲ್ಲ. ಅವಳು ಎದ್ದು ಹೋಗದೆ, ಕೂತ ಕಡೆಯೇ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ದಿವಾಕರ ತನ್ನ ಕುರ್ಚಿ ಬಿಟ್ಟು ಬಂದು ಅವಳ ಪಕ್ಕದಲ್ಲಿ ಕೂತ.