ಕೊಣ್ಣಿಹಾಳದ ಅಳತೆ ಗಾಜು

ನಾನು ಒಂದು ಅಳತೆ ಗಾಜು. ನೋಡಲು ಉದ್ದನೆಯ ಲೋಟದ ಹಾಗಿದ್ದೇನೆ, ಆದರೆ ನನ್ನಿಂದ ಯಾರೂ ನೀರು ಕುಡಿದಿಲ್ಲ. ಮೈಮೇಲೆ ಬುಡದಿಂದ ಕತ್ತಿನವರೆಗೆ ಸಣ್ಣ ಸಣ್ಣ ಗೆರೆಗಳಿವೆ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಒಬ್ಬ ಮುದುಕ ಕನ್ನಡಕ ಹಾಕಿಕೊಂಡು ಅವನ್ನು ಒಂದೊಂದಾಗಿ ಕೊರೆದ. ಸರಿಯಾಗಿದೆಯೇ ಎಂದು ಮೂರು ಸಲ ನೀರು ಹೊಯ್ದು ನೋಡಿದ. ನಿಖರವಾಗಿರುವುದೇ ನನ್ನ ಹೆಚ್ಚುಗಾರಿಕೆ ಎಂದು ಆಗ ಬೀಗಿದ್ದೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ನನ್ನ ಕೆಲಸ ಮಳೆ ಅಳೆಯುವುದು. ಮಳೆಮಾಪಕದ ತಲೆಯ ಮೇಲೆ ಒಂದು ಆಲಿಕೆ ಇರುತ್ತದೆ. ಅದರಲ್ಲಿ ಬಿದ್ದ ನೀರು ಕೆಳಗಿನ ಡಬ್ಬಿಯಲ್ಲಿ ಸೇರುತ್ತದೆ. ಬೆಳಿಗ್ಗೆ ಅದನ್ನು ನನ್ನಲ್ಲಿ ಹೊಯ್ದು ಎಷ್ಟನೇ ಗೆರೆಗೆ ಬಂತೆಂದು ಬರೆದುಕೊಳ್ಳಬೇಕು. ಆಲಿಕೆಗಳಲ್ಲಿ ಎರಡು ಬಗೆ: ಒಂದು ದೊಡ್ಡದು, ಇನ್ನೊಂದರ ಬಾಯಿಯ ವಿಸ್ತೀರ್ಣ ಅದರ ಅರ್ಧ. ಎರಡಕ್ಕೂ ಬೇರೆ ಬೇರೆ ಗಾಜು. ನಾನು ದೊಡ್ಡ ಆಲಿಕೆಗೆಂದು ಹುಟ್ಟಿದವನು.

ಕೊಣ್ಣಿಹಾಳದ ಪ್ರವಾಸಿ ಮಂದಿರದಲ್ಲಿ ಹಳೆಯ ಗಾಜು ಒಡೆದಿತ್ತು. ಅಲ್ಲಿಂದ ‘ಅಳತೆ ಗಾಜು ಒಂದು’ ಎಂದು ಬೇಡಿಕೆ ಬಂತು. ಎಂಥದ್ದು ಎಂದು ಅವರು ಬರೆಯಲಿಲ್ಲ, ಎಂಥದ್ದು ಎಂದು ಉಗ್ರಾಣದವರು ಕೇಳಲಿಲ್ಲ. ಕೈಗೆ ಸಿಕ್ಕ ನನ್ನನ್ನು ಹುಲ್ಲಿನಲ್ಲಿ ಸುತ್ತಿ ಕಳಿಸಿಬಿಟ್ಟರು. ಅಲ್ಲಿದ್ದದ್ದು ಚಿಕ್ಕ ಆಲಿಕೆ. ಹೀಗಾಗಿ ಆ ಊರಿನಲ್ಲಿ ಎಷ್ಟು ಮಳೆ ಬಿದ್ದರೂ ನನ್ನ ಗೆರೆಗಳ ಮೇಲೆ ಅದರ ಅರ್ಧ ಮಾತ್ರ ಕಾಣುತ್ತಿತ್ತು.

ಮಂದಿರದ ಕಾವಲುಗಾರ ಫಕ್ಕೀರಪ್ಪ ಸುಣಗಾರನೇ ಮಳೆ ಬರೆಯುವವನೂ ಆಗಿದ್ದ. ಬೆಳಿಗ್ಗೆ ಎಂಟೂವರೆಗೆ ತಲೆಗೆ ರುಮಾಲು ಸುತ್ತಿ ಬರುವನು, ನನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಉಸಿರು ಬಿಗಿಹಿಡಿದು ಓದುವನು. ಅಂಥ ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಮೊದಲ ಜೋರು ಮಳೆಯ ಮರುದಿನವೇ ಅವನಿಗೆ ಅನುಮಾನ ಬಂತು.

“ನಿನ್ನಿ ಕೆರಿ ಕೋಡಿ ಬಿದ್ದೈತಿ. ಇದರಾಗ ನೋಡಿದ್ರ ಇಷ್ಟs ಐತಲ್ಲ?” ಎಂದು ನನ್ನನ್ನೇ ಕೇಳಿದ.

ನನಗೆ ಬಾಯಿ ಎಲ್ಲಿದೆ? ಅವನು ಮೇಲಿನವರಿಗೆ ಮೂರು ಕಾಗದ ಬರೆದ. ಮೂರನೆಯದಕ್ಕೆ ಉತ್ತರ ಬಂತು: ಕಂಡದ್ದನ್ನು ಬರೆಯುವುದಷ್ಟೇ ನಿಮ್ಮ ಕೆಲಸ. ಆಮೇಲೆ ಅವನು ಕಂಡದ್ದನ್ನೇ ಬರೆದ, ಇಪ್ಪತ್ತೆರಡು ವರ್ಷ. ನಡುವೆ ಒಬ್ಬ ಮಹಾಶಯರು ಬಂದು, ಪಕ್ಕದ ಗುಡ್ಡ ಮೋಡಗಳನ್ನು ತಡೆಯುವುದರಿಂದಲೇ ಕೊಣ್ಣಿಹಾಳಕ್ಕೆ ಮಳೆ ಕಡಿಮೆ ಎಂದು ದಪ್ಪ ಪ್ರಬಂಧ ಬರೆದು ಡಾಕ್ಟರ್ ಆದರು. ಪಾಪ, ಆ ಗುಡ್ಡ ಯಾರಿಗೂ ಏನೂ ಮಾಡಿರಲಿಲ್ಲ.

ಇಪ್ಪತ್ಮೂರನೆಯ ವರ್ಷ ಬೇಸಿಗೆಯಲ್ಲಿ ವಾರಿಜಾಕ್ಷಿ ಬಂದರು. ಬೆಂಗಳೂರಿನ ಕಚೇರಿಯ ಹವಾಮಾನ ವಿಜ್ಞಾನಿ. ಸರ್ಕಾರಕ್ಕಾಗಿ ನೆರೆಯ ಮುನ್ಸೂಚನೆ ಕೊಡುವ ತಂತ್ರಾಂಶ ಸಿದ್ಧಪಡಿಸುತ್ತಿದ್ದರು. ಅದು ಮೊದಲು ಮೋಡಗಳನ್ನು ನೋಡಿ ಇಷ್ಟು ಮಳೆ ಬರಬಹುದು ಎನ್ನುತ್ತದೆ. ಆಮೇಲೆ ಆ ಊರಿನ ಹಳೆಯ ಅಂಕಿಗಳನ್ನು ನೋಡಿ ತನ್ನ ಮಾತನ್ನು ತಿದ್ದಿಕೊಳ್ಳುತ್ತದೆ. ಅಪಾಯ ಎನಿಸಿದರೆ ಕೊಣ್ಣಿಹಾಳದ ಪಕ್ಕದ ಕರೇಹಳ್ಳದ ದಂಡೆಯ ಸೈರನ್ ತಾನಾಗಿಯೇ ಕೂಗುತ್ತದೆ. ಆ ದಂಡೆಯಲ್ಲಿ ಇಟ್ಟಿಗೆ ಸುಡುವವರ ನಲವತ್ತು ಗುಡಿಸಲುಗಳಿದ್ದವು. ಕೊಣ್ಣಿಹಾಳದ ಮಳೆಯನ್ನು ಮಾತ್ರ ತಂತ್ರಾಂಶ ಪ್ರತಿ ಸಲವೂ ಸರಿಯಾಗಿ ಅರ್ಧಕ್ಕೆ ಇಳಿಸುವುದೇಕೆ ಎಂದು ಆಕೆಗೆ ನಿದ್ದೆ ಹತ್ತಿರಲಿಲ್ಲ.

ಆಕೆ ಸ್ಕೇಲು ಹಿಡಿದು ಆಲಿಕೆಯ ಬಾಯಿ ಅಳೆದರು. ನನ್ನನ್ನು ತಲೆಕೆಳಗು ಮಾಡಿ ಬುಡದ ಬರಹ ಓದಿದರು. ಮೆಟ್ಟಿಲ ಮೇಲೆ ನನ್ನನ್ನು ಆಲಿಕೆಯ ಪಕ್ಕಕ್ಕಿಟ್ಟರು.

“ಫಕ್ಕೀರಪ್ಪನವರೇ, ಇದು ಈ ಮಾಪಕದ ಗಾಜೇ ಅಲ್ಲ.”

“ಅಂದ್ರ ಇಪ್ಪತ್ತೆರಡು ವರ್ಸ ನಾ ಸುಳ್ಳು ಬರದೇನ್ರೀ ಮೇಡಮ್ಮಾರ?”

“ನೀವು ಬರೆದಿದ್ದರಲ್ಲಿ ಒಂದಂಕಿಯೂ ಸುಳ್ಳಿಲ್ಲ. ಇದನ್ನ ನಾನು ಸರಿಮಾಡ್ತೀನಿ, ನನ್ನನ್ನ ನಂಬಿ.”

ಅವನು ನಂಬಿದ. ನಾನೂ ನಂಬಿದೆ.

ಸರಿಯಾದ ಗಾಜನ್ನು ಅವನಿಗೆ ತರಿಸಿಕೊಟ್ಟು, ಸಾಕ್ಷಿಗೆಂದು ನನ್ನನ್ನು ಬೆಂಗಳೂರಿಗೆ ಒಯ್ದರು. ಹಳೆಯ ಅಂಕಿಗಳನ್ನು ಇಮ್ಮಡಿ ಮಾಡಲು ತಂತ್ರಾಂಶದಲ್ಲಿ ಒಂದೇ ಒಂದು ಸಾಲು ಬರೆದರು. ಅಷ್ಟು ಸಾಕಿತ್ತು. ಆದರೆ ಜಂಟಿ ನಿರ್ದೇಶಕರ ಕಣ್ಣಿಗೆ ಅದು ಬಿತ್ತು.

“ಇಪ್ಪತ್ತೆರಡು ವರ್ಷ ತಪ್ಪು ಅಂಕಿ ಅಚ್ಚು ಹಾಕಿದ್ವಿ ಅಂತ ನಾವೇ ಡಂಗುರ ಹೊಡೀಬೇಕೇನಮ್ಮಾ? ಇನ್ನು ಒಂಬತ್ತು ದಿನಕ್ಕೆ ಮಂತ್ರಿಗಳ ಕೈಲಿ ಉದ್ಘಾಟನೆ ಇದೆ. ಆ ಸಾಲು ತೆಗೀರಿ. ಮಳೆಗಾಲ ಕಳೀಲಿ, ನೋಡೋಣ.”

“ಸರ್, ಹಳ್ಳದ ದಂಡೇಲಿ ಜನ ಇದ್ದಾರೆ.”

“ಇಷ್ಟು ವರ್ಷ ಇರಲಿಲ್ವೇ?”

ಮರುದಿನ ಆಕೆ ಆ ಸಾಲನ್ನು ಅಳಿಸಿ, ತಂತ್ರಾಂಶ ಸರಿಯಿದೆ ಎಂಬ ಹಾಳೆಗೆ ಸಹಿ ಹಾಕಿದರು. ಆ ಪೆನ್ನನ್ನು ನನ್ನೊಳಗೇ ಇಟ್ಟರು. ಅಂದಿನಿಂದ ನಾನು ಅವರ ಮೇಜಿನ ಪೆನ್ನಿನ ಲೋಟ.

ಆಗಸ್ಟಿನ ಒಂದು ಮಧ್ಯಾಹ್ನ ಫೋನು ಬಂತು. ಫಕ್ಕೀರಪ್ಪನ ಕೂಗು ನನಗೂ ಕೇಳಿಸಿತು.

“ಮೇಡಮ್ಮಾರ, ಗುಡ್ಡದ ಮ್ಯಾಲ ಮುಗಲs ಹರದೈತ್ರಿ! ಸೈರನ್ ಯಾಕ ಒದರವಲ್ದು?”

ಪರದೆಯ ಮೇಲೆ ಕೊಣ್ಣಿಹಾಳ ಹಚ್ಚಹಸಿರಾಗಿತ್ತು, ಅಂದರೆ ಅಪಾಯವಿಲ್ಲ. ಮೋಡ ನೋಡಿ ನೂರಿಪ್ಪತ್ತು ಮಿಲಿಮೀಟರ್ ಎಂದಿದ್ದ ತಂತ್ರಾಂಶ, ಈ ಊರಿನಲ್ಲಿ ಅಷ್ಟೆಲ್ಲ ಬೀಳುವುದಿಲ್ಲವೆಂದು ಅರವತ್ತಕ್ಕೆ ಇಳಿಸಿಕೊಂಡಿತ್ತು. ಅದು ಆಕಾಶವನ್ನು ಬಿಟ್ಟು ನನ್ನನ್ನು ನಂಬಿತ್ತು. ಸೈರನ್ನನ್ನು ಕೈಯಿಂದ ಒತ್ತಬೇಕಾದರೆ ಜಂಟಿ ನಿರ್ದೇಶಕರ ಅನುಮತಿ ಬೇಕು. ಅವರು ಊಟಕ್ಕೆ ಹೋಗಿದ್ದರು. ವಾರಿಜಾಕ್ಷಿ ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಅನುಮತಿ ಸಿಗುವಷ್ಟರಲ್ಲಿ ಸೈರನ್ನಿನ ಕಂಬವೇ ಹಳ್ಳದ ಪಾಲಾಗಿತ್ತು. ಜೊತೆಗೆ ಏಳು ಜನ.

ವಿಚಾರಣೆಯ ಕೋಣೆಯಲ್ಲಿ ನನ್ನನ್ನು ಮೇಜಿನ ನಡುವೆ ನಿಲ್ಲಿಸಿದ್ದರು. ಫಕ್ಕೀರಪ್ಪ ಕೈಕಟ್ಟಿ ನಿಂತು ಹೇಳಿದ: “ಗುಡಿಸಲಾ ಗುಡಿಸಲಾ ತಿರುಗಿ ಹೇಳೀನ್ರಿ. ಸೈರನ್ ಆಗಿಲ್ಲಲ್ಲೋ ಯಜ್ಜಾ, ಯಾಕ ಹೆದರಸ್ತೀ ಅಂದ್ರು. ಅರ್ಧ ಮಂದಿ ಎದ್ದು ಬಂದ್ರು. ಉಳಿದವ್ರು ಬರಲಿಲ್ರಿ.”

ಪರಿಣತರೊಬ್ಬರು ಅಳೆದು ತಂದ ನೀರನ್ನು ನನ್ನಲ್ಲಿ ಹೊಯ್ದರು. ಬಗ್ಗಿ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದರು. ಆಲಿಕೆಯನ್ನು ಯಾರೂ ತಂದಿರಲಿಲ್ಲ. ಅಧ್ಯಕ್ಷರು ವಾರಿಜಾಕ್ಷಿಯವರತ್ತ ತಿರುಗಿದರು.

“ಗಾಜು ಸರಿಯಿದೆಯೋ ಇಲ್ಲವೋ, ಅಷ್ಟು ಹೇಳಿ.”

“ಸರಿಯಿದೆ. ಆದರೆ…”

ಜಂಟಿ ನಿರ್ದೇಶಕರು ಒಂದು ಹಾಳೆಯನ್ನು ಆಕೆಯ ಮುಂದೆ ಸರಿಸಿದರು. ಆಕೆಯೇ ಸಹಿ ಮಾಡಿದ ಹಾಳೆ. ಆಕೆ ಅದನ್ನು ಮಗುಚಿಟ್ಟು ಕುಳಿತುಬಿಟ್ಟರು. ಗುಮಾಸ್ತ ‘ಸರಿಯಿದೆ’ ಎಂದು ಬರೆದು ಪೂರ್ಣವಿರಾಮ ಹಾಕಿದ. ಗಾಜು ಸರಿಯಿದ್ದ ಮೇಲೆ ತಪ್ಪು ಅದನ್ನು ಓದಿದವನದೇ ಎಂದು ತೀರ್ಮಾನವಾಯಿತು. ಫಕ್ಕೀರಪ್ಪನನ್ನು ಕೆಲಸದಿಂದ ತೆಗೆದರು.

ಹೊರಡುವಾಗ ಅವನು ಆಕೆಯ ಎದುರಿಗೆ ನಿಂತ. ಬೈಯಲಿಲ್ಲ.

“‘ಆದರೆ’ ಅಂದ್ರಲ್ರಿ ಮೇಡಮ್ಮಾರ. ಅದರ ಮುಂದಿಂದು ಹೇಳಬೇಕಿತ್ತ್ರಿ.”



ಈಗ ನಾನು ದಾಖಲೆ ಕೋಣೆಯ ಕಪಾಟಿನಲ್ಲಿದ್ದೇನೆ. ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದ್ದಾರೆ. ಮೇಲಿನ ಚೀಟಿಯಲ್ಲಿ ‘ಯಾವುದೇ ದೋಷವಿಲ್ಲ’ ಎಂದು ದುಂಡಗೆ ಬರೆದಿದ್ದಾರೆ. ಇದಕ್ಕಿಂತ ದೊಡ್ಡ ಬೈಗುಳವನ್ನು ಯಾರೂ ನನಗೆ ಬೈದಿಲ್ಲ.