ಪಾಪಯ್ಯನ ತಲೆನೋವು

ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ನಮ್ಮ ಕೆಲಮಂಗಲದ ಕಡೆ ಜನ ಯಾತ್ರೆಯ ಮಾತು ತೆಗೀತಾರೆ. ಕೆಲವರು ತಿರುಪತಿ ಅಂತಾರೆ, ಕೆಲವರು ಧರ್ಮಸ್ಥಳ ಅಂತಾರೆ. ಎಂಬತ್ತಮೂರನೇ ಇಸವಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಬೇರೆಯದೇ ಸುದ್ದಿ ಬಂತು. ಭಜನೆ ಮನೆಯ ಶ್ಯಾಮಣ್ಣನವರು ಮತ್ತೆ ಕೇದಾರಕ್ಕೆ ಜನ ಸೇರಿಸ್ತಾ ಇದಾರಂತೆ!

ಆ ಸುದ್ದಿ ಕೇಳಿ ಬೈರಮ್ಮ ಹೂ ಬಿಡಿಸೋದನ್ನೇ ನಿಲ್ಲಿಸಿಬಿಟ್ಟಳು.

ಬೈರಮ್ಮನ ಗಂಡ ಪಾಪಯ್ಯ ಒಂಬತ್ತು ವರ್ಷದ ಹಿಂದೆ ಇದೇ ಶ್ಯಾಮಣ್ಣನವರ ಜೊತೆ ಕೇದಾರಕ್ಕೆ ಹೋಗಿದ್ದ. ವಾಪಸ್ ಬರಲಿಲ್ಲ. ಅಲ್ಲೇ ತೀರಿಕೊಂಡ, ಅಲ್ಲೇ ಹೊಳೆ ಪಕ್ಕದಲ್ಲಿ ಸುಟ್ಟರು. ಊರಿಗೆ ಅವನ ಶಲ್ಯ ಮಾತ್ರ ಬಂತು. ಬೈರಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡು ಅಳೋಕೆ ಹೋದರೆ ಜನ ಬಿಡಲಿಲ್ಲ. "ಶಿವನ ಪಾದದಲ್ಲಿ ಪ್ರಾಣ ಬಿಟ್ಟ ಪುಣ್ಯವಂತ ಕಣಮ್ಮ! ಅಂಥೋನ ಹೆಂಡ್ತಿ ಕಣ್ಣೀರು ಹಾಕಬಾರ್ದು," ಅಂದರು.

ಅವತ್ತಿಂದ ಅವಳು ಪುಣ್ಯವಂತನ ಹೆಂಡತಿ. ಶಿವರಾತ್ರಿಯ ದಿನ ಜನ ಬಂದು ಕಾಲಿಗೆ ಬೀಳೋರು. ಉಳಿದ ದಿನ ಅವಳ ಜಗಲಿಯ ಮೇಲೆ ಕೂತು ಒಂದು ಮಾತಾಡೋರು ಇರಲಿಲ್ಲ. ಒಬ್ಬಳೇ ಮಗಳು ತಳಿ ಅನ್ನೋ ಊರಿನ ಕಡೆಗೆ ಮದುವೆಯಾಗಿ ಹೋಗಿದ್ದಳು. ಕನಕಾಂಬರ ಬಿಡಿಸೋದು, ಕಟ್ಟೋದು, ಸಂತೆಗೆ ಒಯ್ಯೋದು, ಬಂದು ಒಂದು ಮುದ್ದೆ ತಿರುವಿ ಉಣ್ಣೋದು. ಒಂಬತ್ತು ವರ್ಷ ಹೀಗೇ ಕಳೀತು.

'ಅವರನ್ನ ಸುಟ್ಟ ಜಾಗ ಒಂದ್ಸಲ ನೋಡ್ಬೇಕು' ಅಂತ ಬೈರಮ್ಮ ಮನಸ್ಸು ಮಾಡಿದಳು.

ಅವಳ ಪಕ್ಕದ ಮನೆಗೆ ಹನುಮಂತರಾಯಪ್ಪ ಬಂದು ಒಂದು ವರ್ಷವಾಗಿತ್ತು. ಸೈನ್ಯದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದ. ಲಡಾಖಿನ ಎತ್ತರದ ಗುಡ್ಡಗಳಲ್ಲಿ ವರ್ಷಗಟ್ಟಲೆ ಇದ್ದವನು. ಈಗ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಗಾಯವಾದವರಿಗೆ ಔಷಧಿ ಹಾಕುವ ಕೆಲಸ. ಒಂದು ಭಾನುವಾರ ಬೈರಮ್ಮ ಅವನ ಬಾಗಿಲಿಗೆ ಹೋದಳು.

"ಅಣ್ಣಾ, ನೀನು ಆ ಕಡೆ ಇದ್ದೋನು. ನಾನು ಕೇದಾರಕ್ಕೆ ಹೊರಟಿದ್ದೀನಿ. ಅಲ್ಲಿ ಚಳಿ ಜಾಸ್ತೀನಾ?"

"ಚಳಿ ಒಂದೇ ಅಲ್ಲಮ್ಮ. ಮೇಲಕ್ಕೆ ಹೋಯ್ತಾ ಹೋಯ್ತಾ ಗಾಳೀನೇ ತೆಳ್ಳಗಾಯ್ತದೆ. ಎಷ್ಟು ಉಸಿರೆಳೆದ್ರೂ ಎದೆ ತುಂಬಲ್ಲ. ಹೊರಡೋಕೆ ಮುಂಚೆ ಡಾಕ್ಟ್ರಿಗೆ ಮೈ ತೋರಿಸ್ಕೊಬೇಕು. ಈಗಿಂದ್ಲೇ ದಿನಾ ನಡೀಬೇಕು. ಉಣ್ಣೆ ಬಟ್ಟೆ, ಒಳ್ಳೆ ಬೂಟು ಬೇಕು."

ಬೈರಮ್ಮ ನಕ್ಕಳು. "ನಮ್ಮೆಜಮಾನ್ರು ಬೂಟು ಹಾಕ್ಕೊಂಡ್ ಹೋಗಿದ್ರಾ? ಒಂದು ಪಂಚೆ, ಒಂದು ಶಲ್ಯ. ಬರಿಗಾಲಲ್ಲಿ, ಉಪಾಸ ಇದ್ದು ಒಂದೇ ದಿನದಲ್ಲಿ ಹತ್ತಿದ್ರಂತೆ. ನಾನೂ ಹಂಗೇ ಹತ್ತೀನಿ."

"ಆಮೇಲೆ ಏನಾಯ್ತಂತಮ್ಮ?"

ಬೈರಮ್ಮನಿಗೆ ಅದು ಬಾಯಿಪಾಠ. ಶ್ಯಾಮಣ್ಣನವರು ಭಜನೆಯಲ್ಲಿ ಎಷ್ಟೋ ಸಲ ಹೇಳಿದ್ದರು. "ಮೇಲೆ ಹೋದ ದಿನ ಸಾಯಂಕಾಲ ತಲೆನೋವು ಅಂದ್ರಂತೆ. ಊಟ ಬೇಡ ಅಂದು ವಾಂತಿ ಮಾಡ್ಕೊಂಡ್ರಂತೆ. ಮಾರನೇ ದಿನ ಕುಡಿದೋರ ಥರ ತೂರಾಡ್ತಿದ್ರಂತೆ. ಅದು ಭಕ್ತಿ ಆವೇಶ ಅಂತ ಎಲ್ರೂ ಕೈ ಮುಗಿದ್ರಂತೆ. ಆಮೇಲೆ ಕೆಮ್ಮು, ಬಾಯಲ್ಲಿ ನೊರೆ, ಎದೇಲಿ ಗುಳುಗುಳು ಸದ್ದು. ಅದರ ಮಾರನೇ ದಿನ ಬೆಳಿಗ್ಗೆ ಶಿವ ಕರ್ಕೊಂಡ."

ಹನುಮಂತರಾಯಪ್ಪ ತಲೆ ತಗ್ಗಿಸಿದ.

"ಯಾಕಣ್ಣ ಸುಮ್ಕಾದೆ?"

"ಏನಿಲ್ಲಮ್ಮ."

"ಹೇಳಣ್ಣ. ನಂತಾವ ಯಾರೂ ಏನೂ ಹೇಳಲ್ಲ. ನೀನಾದ್ರೂ ಹೇಳು."

ಅವನು ಬಹಳ ಮೆಲ್ಲಗೆ ಹೇಳಿದ. "ಅದು ಕಾಯಿಲೆ ಕಣಮ್ಮ. ಬೆಟ್ಟದ ಕಾಯಿಲೆ. ಬೇಗ ಬೇಗ ಎತ್ತರಕ್ಕೆ ಹತ್ತಿಬಿಟ್ರೆ ಮೈಗೆ ಆ ಗಾಳಿ ಒಗ್ಗಲ್ಲ. ಮೊದ್ಲು ತಲೆನೋವು, ವಾಂತಿ. ಆಗ್ಲೂ ಅಲ್ಲೇ ಇದ್ರೆ ಮಿದುಳಿಗೆ ನೀರು ಸೇರ್ತದೆ, ತೂರಾಡ್ತಾರೆ. ಶ್ವಾಸಕೋಶಕ್ಕೆ ನೀರು ಸೇರ್ತದೆ, ನೊರೆ ಬರ್ತದೆ. ನಾನು ಎಷ್ಟೋ ಹುಡುಗ್ರನ್ನ ನೋಡಿದ್ದೀನಿ."

"ಅದಕ್ಕೆ ಔಷಧಿ ಇಲ್ವಾ?"

"ಕೆಳಗಿಳಿಸೋದೇ ದೊಡ್ಡ ಔಷಧಿ. ಹೊತ್ಕೊಂಡಾದ್ರೂ ಸರಿ, ತಕ್ಷಣ ಇಳಿಸ್ಬೇಕು."

ಬೈರಮ್ಮ ಜಗಲಿಯ ಕಂಬ ಹಿಡಿದುಕೊಂಡಳು. "ಇಳಿಸಿದ್ರೆ ಅವ್ರು ಬದುಕ್ತಿದ್ರಾ?"

ಹನುಮಂತರಾಯಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಬದುಕೋ ಸಾಧ್ಯತೆ ಬಾಳ ಇತ್ತು ತಾಯಿ."

ಅವಳು ಎದ್ದು ಮನೆಗೆ ಹೋದಳು. ಮೂರ್ನಾಲ್ಕು ವಾರ ಅವನ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಗಂಡ ಪುಣ್ಯವಂತ ಅಂದುಕೊಂಡು ಒಂಬತ್ತು ವರ್ಷ ಬದುಕಿದ್ದಳು. ಈಗ ಅದೂ ಹೋಯಿತು. ಮುದ್ದೆ ತಿರುವುವಾಗ, ಹೂ ಕಟ್ಟುವಾಗ ಒಂದೇ ಯೋಚನೆ. ಜೊತೆಗೆ ಅಷ್ಟು ಜನ ಇದ್ದರು. ತಲೆನೋವು ಅಂದಾಗಲೇ ಯಾರಾದರೂ ಒಬ್ಬರು ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದಿದ್ದರೆ? ಇದನ್ನು ಯಾರ ಹತ್ತಿರ ಹೇಳಿಕೊಳ್ಳೋದು? ಊರೆಲ್ಲ ಕೈ ಮುಗಿಯುವ ಸಾವನ್ನು ಹೆಂಡತಿಯೇ ತಪ್ಪು ಅಂದರೆ ಯಾರು ಕೇಳುತ್ತಾರೆ?

ಯಾತ್ರೆಯ ಆಸೆ ಮಾತ್ರ ಹೋಗಲಿಲ್ಲ. ಒಂದು ದಿನ ಅವಳೇ ಹನುಮಂತರಾಯಪ್ಪನ ಮುಂದೆ ಬಂದು ನಿಂತಳು. "ಏನೇನ್ ಮಾಡ್ಬೇಕು ಹೇಳಣ್ಣ. ನಾನು ಹೋಗ್ಬೇಕು, ವಾಪಸ್ಸೂ ಬರ್ಬೇಕು."

ಮರುದಿನದಿಂದಲೇ ಬೈರಮ್ಮ ನಡೆಯೋಕೆ ಶುರುಮಾಡಿದಳು. ಕಾಡಿನಂಚಿನ ಕಡೆ ಆನೆಗಳ ಕಾಟ ಇದ್ದದ್ದರಿಂದ ಚೆನ್ನಾಗಿ ಬೆಳಕಾದ ಮೇಲೆ ಹೊರಡೋಳು. ಹೊಸೂರಿಗೆ ಹೋದಾಗ ಚಂದ್ರಚೂಡೇಶ್ವರನ ಬೆಟ್ಟ ಹತ್ತಿ ಇಳಿಯೋಳು. ಮೊದಮೊದಲು ಅರ್ಧಕ್ಕೇ ಉಬ್ಬಸ ಬರುತ್ತಿತ್ತು. ಆಮೇಲಾಮೇಲೆ ನಿಲ್ಲದೆ ಹತ್ತಿದಳು. "ಬೈರಮ್ಮನಿಗೆ ಏನಾಗಿದೆ?" ಅಂತ ದಾರಿಯಲ್ಲಿ ಹೆಂಗಸರು ಮಾತಾಡಿಕೊಂಡರು. ಜೊತೆಗೆ ಬರುತ್ತೀನಿ ಅಂತ ಒಬ್ಬರೂ ಅನ್ನಲಿಲ್ಲ. ಹನುಮಂತರಾಯಪ್ಪನೇ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆ, ರಕ್ತದೊತ್ತಡ ಎಲ್ಲ ನೋಡಿಸಿದ. "ಬೂಟು ಈಗಿಂದ್ಲೇ ಹಾಕ್ಕೊಂಡು ಪಳಗಿಸು. ಹೊಸದು ಹಾಕ್ಕೊಂಡು ಬೆಟ್ಟ ಹತ್ತಿದ್ರೆ ಕಾಲಲ್ಲಿ ಬೊಬ್ಬೆ ಬಂದ್ಬಿಡ್ತವೆ," ಅಂದ. ತನ್ನ ಹಳೆಯ ಉಣ್ಣೆ ಸ್ವೆಟರನ್ನೂ ಕೊಟ್ಟ.

ಆಮೇಲೆ ಇಬ್ಬರೂ ಭಜನೆ ಮನೆಗೆ ಹೋದರು. ಹೊರಡುವವರೆಲ್ಲ ಅಲ್ಲಿ ಕೂತಿದ್ದರು. ಹನುಮಂತರಾಯಪ್ಪ ಹೇಳಿದ್ದನ್ನು ಕೇಳಿ ಶ್ಯಾಮಣ್ಣನವರಿಗೆ ಸಿಟ್ಟು ಬಂತು.

"ದೇವರ ಹತ್ರ ಹೋಗೋಕೆ ಡಾಕ್ಟ್ರ ಚೀಟಿ ಯಾಕಪ್ಪ? ಕರೆಸ್ಕೊಳ್ಳೋನು ಅವನು, ಕಾಪಾಡೋನೂ ಅವನೇ."

"ಹೌದು ಶ್ಯಾಮಣ್ಣನೋರೇ. ಆದ್ರೂ ಒಂದೇ ದಿನದಲ್ಲಿ ಮೇಲಕ್ಕೆ ಹೋಗ್ಬೇಡಿ. ಬಸ್ಸು ನಿಲ್ಲೋ ಗೌರೀಕುಂಡದಲ್ಲಿ ಒಂದಿನ ಸುಧಾರಿಸ್ಕೊಳ್ಳಿ. ನಡುವೆ ರಾಮಬಾಡ ಅಂತ ಸಿಗ್ತದೆ, ಅಲ್ಲೂ ತಂಗಿ ಹೋಗಿ. ಉಪಾಸ ಬೇಡ. ನೀರು, ಗಂಜಿ ಚೆನ್ನಾಗಿ ಕುಡೀರಿ. ತಲೆನೋವು ಬಂದ್ರೆ ಮುಚ್ಚಿಡಬೇಡಿ."

ಶ್ಯಾಮಣ್ಣನವರ ತಮ್ಮ ವೆಂಕಟರಮಣಪ್ಪ ಗಟ್ಟಿ ಆಳು. ಹೊಲದಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡೋನು. ಅವನು ಜೋರಾಗಿ ನಕ್ಕ. "ನಂಗೆ ಹುಟ್ಟಿದಾಗ್ಲಿಂದ ತಲೆನೋವೇ ಬಂದಿಲ್ಲ ಕಣಣ್ಣ!"

"ಈ ಕಾಯಿಲೆ ಗಟ್ಟಿ ಆಳು, ಪೀಚು ಆಳು ಅಂತ ನೋಡಲ್ಲಪ್ಪ," ಅಂದ ಹನುಮಂತರಾಯಪ್ಪ. ಕೊನೆಗೆ ರಾಮಬಾಡದಲ್ಲಿ ತಂಗೋದಕ್ಕೆ ಮಾತ್ರ ಶ್ಯಾಮಣ್ಣನವರು ಒಪ್ಪಿದರು. ಅದೂ ಹೆಂಗಸರು ಬರ್ತಾರಲ್ಲ ಅಂತ.

ವೈಶಾಖದಲ್ಲಿ ಹೊರಟರು. ಫ್ಯಾಕ್ಟರಿಯಲ್ಲಿ ರಜೆ ಸಿಗದೆ ಹನುಮಂತರಾಯಪ್ಪ ಊರಲ್ಲೇ ಉಳಿದ. ರೈಲು, ಬಸ್ಸು, ಮತ್ತೆ ಬಸ್ಸು. ಭಜನೆಯ ಹೆಂಗಸರು ಬೈರಮ್ಮನಿಗೆ ಮರ್ಯಾದೆಯಿಂದ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟು, ತಾವು ಬೇರೆ ಕಡೆ ಕೂತು ಮಾತಾಡಿಕೊಂಡರು. ಬಸ್ಸು ಇಳಿದು ನಡೆಯುವ ದಾರಿ ಹಿಡಿದಾಗ ಬೈರಮ್ಮ ಎಲ್ಲರಿಗಿಂತ ಹಿಂದೆ ಉಳಿದಳು. ಮೆಲ್ಲಗೆ ನಾಲ್ಕು ಹೆಜ್ಜೆ ಹಾಕೋದು, ನಿಲ್ಲೋದು, ಒಂದು ಗುಟುಕು ನೀರು ಕುಡಿಯೋದು. ವೆಂಕಟರಮಣಪ್ಪ ಎಲ್ಲರಿಗಿಂತ ಮುಂದೆ. ಬೀಡಿ ಸೇದುತ್ತಾ, ಹಿಂದೆ ಉಳಿದವರನ್ನು ರೇಗಿಸುತ್ತಾ ಹತ್ತಿದ.

ರಾಮಬಾಡದಲ್ಲಿ ಅವನು ಊಟ ಮಾಡಲಿಲ್ಲ. ಕೇಳಿದರೆ ಹಸಿವಿಲ್ಲ ಅಂದ. ಮರುದಿನ ಸಾಯಂಕಾಲ ಕೇದಾರ ತಲುಪಿದರು. ಹಿಮದ ಬೆಟ್ಟದ ಮುಂದೆ ಗುಡಿ ಕಂಡಿತು. ಬಾಗಿಲಲ್ಲಿ ಜನವೋ ಜನ. ಬೆಳಿಗ್ಗೆ ದರ್ಶನ ಅಂತ ಮಾತಾಯಿತು. ಬೈರಮ್ಮ ದೂರದಿಂದಲೇ ಕೈ ಮುಗಿದಳು. ಶ್ಯಾಮಣ್ಣನವರು ಹೊಳೆಯ ಆಚೆಗೆ ಬೆರಳು ತೋರಿಸಿ, "ಅದೇ ಕಣಮ್ಮ ಪಾಪಯ್ಯನ ಜಾಗ. ನಾಳೆ ದರ್ಶನ ಆದ್ಮೇಲೆ ಹೋಗುವ," ಅಂದರು. ಮಂಜಿನಲ್ಲಿ ಅವಳಿಗೆ ಏನೂ ಕಾಣಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ವೆಂಕಟರಮಣಪ್ಪ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರಾಡೋಕೆ ಆಗುತ್ತಿರಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಎದ್ದು ನಿಲ್ಲಿಸಿದರೆ ತೂರಾಡಿದ.

"ಎಷ್ಟೊತ್ತಿಂದ ತಲೆನೋವು?" ಅಂತ ಬೈರಮ್ಮ ಕೇಳಿದಳು.

"ಮೊನ್ನೆಯಿಂದ ಅಕ್ಕ. ನೀವೆಲ್ಲ ನಗ್ತೀರ ಅಂತ..." ಅಷ್ಟರಲ್ಲಿ ಕೆಮ್ಮು ಬಂತು. ಎದೆಯಲ್ಲಿ ಗುಳುಗುಳು ಸದ್ದು.

ಅಲ್ಲಿದ್ದವರಲ್ಲಿ ಯಾರೋ ಒಬ್ಬರು ಕೈ ಮುಗಿದು, "ಶಿವ ಕರೀತಾವ್ನೆ. ಎಂಥ ಭಾಗ್ಯ!" ಅಂದುಬಿಟ್ಟರು.

ಬೈರಮ್ಮ ಸಿಡಿದೆದ್ದಳು. "ಬಾಯಿ ಮುಚ್ಚಿ! ಇವನಿಗೆ ಊರಲ್ಲಿ ಹೆಂಡ್ತಿ ಅವಳೆ. ಶ್ಯಾಮಣ್ಣನೋರೇ, ಈಗ್ಲೇ ಇವನನ್ನ ಕೆಳಗಿಳಿಸ್ಬೇಕು."

"ಒಂದು ಗಳಿಗೆ ಕಣಮ್ಮ. ದರ್ಶನ ಮಾಡಿಸಿ, ತೀರ್ಥ ಕುಡಿಸಿ..."

"ನಮ್ಮೆಜಮಾನ್ರು ಹಿಂಗೇ ಇದ್ರಲ್ವಾ?"

ಶ್ಯಾಮಣ್ಣನವರು ತಮ್ಮನ ತುಟಿಯನ್ನೇ ನೋಡಿದರು.

"ಹೇಳಿ. ಇದೇ ಸದ್ದು, ಇದೇ ಬಣ್ಣ. ಹಿಂಗೇ ಇದ್ರೋ ಇಲ್ವೋ?"

"ಹಿಂಗೇ ಇದ್ದ," ಅಂದರು. ಹೊರುವ ಆಳುಗಳನ್ನು ಕರೆಯೋಕೆ ಒಬ್ಬನನ್ನು ಓಡಿಸಿದರು.

ಬೆನ್ನ ಮೇಲೆ ಬುಟ್ಟಿಯಲ್ಲಿ ಜನರನ್ನು ಹೊರುವ ಬೆಟ್ಟದ ಆಳುಗಳು ಸಿಕ್ಕರು. ಜೊತೆಗೆ ಯಾರು ಹೋಗೋದು? ಎಲ್ಲರೂ ಗುಡಿಯ ಕಡೆ ನೋಡಿದರು. ಅಷ್ಟು ದೂರದಿಂದ ಬಂದವರು, ಬಾಗಿಲ ಮುಂದೆ ನಿಂತವರು. ಶ್ಯಾಮಣ್ಣನವರಿಗೆ ಮಂಡಿ ಊದಿ, ಬೇಗ ಇಳಿಯೋಕೆ ಆಗುತ್ತಿರಲಿಲ್ಲ. ಬೈರಮ್ಮ ಹೊಳೆಯ ಆಚೆಗೊಮ್ಮೆ ನೋಡಿದಳು. ಮಂಜು ಇನ್ನೂ ಕರಗಿರಲಿಲ್ಲ. "ನಾನು ಹೋಯ್ತೀನಿ," ಅಂದಳು.

ಇಳಿಯುವ ದಾರಿಯುದ್ದಕ್ಕೂ ಜನ ಎದುರಿಗೆ ಹತ್ತುತ್ತಾ ಬರುತ್ತಿದ್ದರು. ಇವಳೊಬ್ಬಳೇ ಬುಟ್ಟಿಯ ಹಿಂದೆ ಇಳಿಯುತ್ತಿದ್ದಳು. ಹೊರುವವರ ಮಾತು ಅವಳಿಗೆ ತಿಳಿಯದು, ಅವಳ ಮಾತು ಅವರಿಗೆ ತಿಳಿಯದು. ವೆಂಕಟರಮಣಪ್ಪನಿಗೆ ಮಾತಾಡುವ ಶಕ್ತಿ ಇರಲಿಲ್ಲ. ಅವನ ಉಸಿರಿನ ಸದ್ದು ಕೇಳುತ್ತಾ ಕೇಳುತ್ತಾ ಅವಳು ನಡೆದಳು. ಸದ್ದು ತಗ್ಗಿದಾಗೆಲ್ಲ ಬುಟ್ಟಿಯ ಹತ್ತಿರ ಹೋಗಿ ಅವನ ಮುಖ ನೋಡುತ್ತಿದ್ದಳು.

ರಾಮಬಾಡ ದಾಟಿದ ಮೇಲೆ ಆ ಉಸಿರು ಸ್ವಲ್ಪ ಹಗುರಾಯಿತು. ತುಟಿಗೆ ಬಣ್ಣ ಬಂತು. ಗೌರೀಕುಂಡ ಮುಟ್ಟಿದಾಗ ಅಲ್ಲಿನ ಡಾಕ್ಟರು ಮೂಗಿಗೆ ಆಮ್ಲಜನಕ ಹಿಡಿದು ಔಷಧಿ ಕೊಟ್ಟರು. ಸಾಯಂಕಾಲಕ್ಕೆ ವೆಂಕಟರಮಣಪ್ಪ ಕಣ್ಣು ಬಿಟ್ಟು, "ಅಕ್ಕಾ, ಒಂಚೂರು ಗಂಜಿ ಸಿಗ್ತದಾ?" ಅಂದ.

ಗಂಜಿ ತರೋಕೆ ಹೊರಗೆ ಬಂದ ಬೈರಮ್ಮ ಚಹದಂಗಡಿಯ ಬೆಂಚಿನ ಮೇಲೆ ಕೂತು ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಅವಳು ಪುಣ್ಯವಂತನ ಹೆಂಡತಿ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಳಬೇಡ ಅಂತ ಹೇಳೋಕೆ ಅಲ್ಲಿನವರಿಗೆ ಅವಳ ಭಾಷೆಯೂ ಬರುತ್ತಿರಲಿಲ್ಲ. ಅಂಗಡಿಯ ಮುದುಕಿ ಪಕ್ಕದಲ್ಲಿ ಬಂದು ಕೂತಳು. ಅಳು ಮುಗಿಯುವ ತನಕ ಸುಮ್ಮನೆ ಕೂತೇ ಇದ್ದಳು.

ಎಲ್ಲರೂ ಊರಿಗೆ ಮರಳಿದರು. ವೆಂಕಟರಮಣಪ್ಪನ ಹೆಂಡತಿ ಅಂಜಿನಮ್ಮ ಬೈರಮ್ಮನ ಮನೆಗೆ ಬಂದಳು. ಕಾಲಿಗೆ ಬೀಳೋಕೆ ಹೋದವಳನ್ನು ಬೈರಮ್ಮ ತಡೆದು, "ಬೀಳ್ಬೇಡ. ಕೂತ್ಕೊ. ಒಂದಿಷ್ಟು ಮಾತಾಡು," ಅಂದಳು. ಅಂಜಿನಮ್ಮ ಕೂತಳು. ಈಗಲೂ ಆಗಾಗ ಬಂದು ಕೂರುತ್ತಾಳೆ.

ಶ್ಯಾಮಣ್ಣನವರು ಭಜನೆಯಲ್ಲಿ ಪಾಪಯ್ಯನ ಕಥೆ ಹೇಳೋದನ್ನು ಬಿಡಲಿಲ್ಲ. ಹೇಳುವ ರೀತಿ ಬದಲಾಯಿತು. "ನಮಗೆ ತಿಳೀಲಿಲ್ಲ. ತಿಳಿದಿದ್ರೆ ಇಳಿಸ್ಕೊಂಡು ಬರ್ತಿದ್ವಿ," ಅಂತಾರೆ. ಈ ವರ್ಷ ಹೊರಡುವವರನ್ನೆಲ್ಲ ಅವರೇ ಸಾಲಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಂಡನ ಜಾಗ ನೋಡೋದು ಬಾಕಿ ಉಳಿದಿರೋದರಿಂದ ಬೈರಮ್ಮ ಮತ್ತೆ ಬೆಳಿಗ್ಗೆ ಬೆಳಿಗ್ಗೆ ನಡೆಯುತ್ತಿದ್ದಾಳೆ. ಅವಳ ಹಿಂದೆ ಇನ್ನೂ ನಾಲ್ಕೈದು ಜನ ನಡೆಯುತ್ತಾರೆ.

ಅಣ್ಣಂದಿರೇ, ಅಕ್ಕಂದಿರೇ, ನೀವೂ ಎತ್ತರದ ಬೆಟ್ಟದ ಯಾತ್ರೆಗೆ ಹೊರಟಿದ್ದೀರಾ? ಸಂತೋಷವಾಗಿ ಹೋಗಿ. ಆದರೆ ತಿಂಗಳುಗಳ ಮುಂಚಿನಿಂದಲೇ ನಡೆದು ಮೈ ಪಳಗಿಸಿ. ಡಾಕ್ಟರಿಗೆ ತೋರಿಸಿ. ಬೆಚ್ಚಗಿನ ಬಟ್ಟೆ ಕಟ್ಟಿಕೊಳ್ಳಿ. ಅಲ್ಲಲ್ಲಿ ತಂಗುತ್ತಾ ಮೆಲ್ಲಗೆ ಹತ್ತಿ. ಉಪವಾಸ ಬೇಡ, ಬೀಡಿ ಬೇಡ, ಕುಡಿತ ಬೇಡ. ತಲೆನೋವು, ವಾಂತಿ ಬಂದರೆ ನಾಚಿಕೊಳ್ಳದೆ ಬಾಯಿ ಬಿಟ್ಟು ಹೇಳಿ. ಕಡಿಮೆಯಾಗುವವರೆಗೆ ಮೇಲಕ್ಕೆ ಒಂದು ಹೆಜ್ಜೆಯೂ ಇಡಬೇಡಿ. ಜೊತೆಯವರು ತೂರಾಡಿದರೆ, ಕೂತಲ್ಲೇ ಏದುಸಿರು ಬಿಟ್ಟರೆ, ದರ್ಶನಕ್ಕೂ ಕಾಯಬೇಡಿ. ತಕ್ಷಣ ಕೆಳಗಿಳಿಸಿ. ಅವರನ್ನು ಒಬ್ಬರನ್ನೇ ಬಿಡಬೇಡಿ.

ಈ ಕಥೆ ಕೇಳಿದವರೇ, ನಿಮ್ಮೂರಿನಿಂದ ಯಾರಾದರೂ ಹೊರಟಿದ್ದರೆ ಅವರ ಮನೆಗೆ ಹೋಗಿ ಹೇಳಿ. ಅವರು ಬಸ್ಸು ಹತ್ತುವ ಮೊದಲೇ ಹೇಳಿ.