ಹಳದಿ ಬಳೆಯ ಬ್ರಹ್ಮಚಾರಿಗಳು

ಆ ದ್ವೀಪದಲ್ಲಿ ಇದ್ದದ್ದು ಎರಡೇ ನರಪಿಳ್ಳೆಗಳು. ಒಬ್ಬಳು ಕಡಲಹಕ್ಕಿಗಳ ಸಂಸಾರದ ಬಗ್ಗೆ ಸಂಶೋಧನೆ ಮಾಡಲು ಒಂದು ವರ್ಷಕ್ಕೆಂದು ಬಂದವಳು. ಕಾಲು ಉದ್ದವೆಂದು ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಇನ್ನೊಬ್ಬ ಅವಳ ಕೆಲಸದ ಜೊತೆಗಾರ ಗಡ್ಡಪ್ಪ. ಬಂದಾಗ ಅವನಿಗೆ ಗಡ್ಡವಿರಲಿಲ್ಲ, ಆ ಮಾತು ಬೇರೆ.

ಬಂದ ಹೊಸದರಲ್ಲಿ ಇಬ್ಬರೂ ಆ ಹಕ್ಕಿಗಳು ಗೂಡು ಮಾಡುವ ನೆಲದ ಬಿಲಗಳಿಗೆ ಕೈಹಾಕಿ, ಹಕ್ಕಿ ಹಿಡಿದು, ಕಾಲಿಗೆ ಬಳೆ ತೊಡಿಸಿದ್ದರು. ನಂಬರು ಕೊರೆದ ಲೋಹದ ಬಳೆ ಒಂದು. ದುರ್ಬೀನಿಗೆ ಕಾಣಲೆಂದು ಬಣ್ಣದ ಪ್ಲಾಸ್ಟಿಕ್ ಬಳೆ ಇನ್ನೊಂದು. ಜೋಡಿಯಿದ್ದ ಗಂಡುಗಳಿಗೆ ಕಿತ್ತಳೆ, ಒಂಟಿ ಗಂಡುಗಳಿಗೆ ಹಳದಿ. ಚಳಿಗಾಲಕ್ಕೆ ಹಕ್ಕಿಗಳೆಲ್ಲ ಕಡಲಿಗೆ ಹೋದವು, ಚಳಿ ಕಳೆದ ಮೇಲೆ ಮರಳಿದವು. ನೋಡಿದರೆ ಏನು ಹೇಳುವುದು! ಬಿಲಬಿಲದ ಬಾಯಲ್ಲೂ ಹೆಣ್ಣಿನ ಮಗ್ಗುಲಲ್ಲಿ ಹಳದಿ ಬಳೆಯವನು. ಒಂಟಿಗಳು ಸೇರಿಕೊಂಡು ಇಡೀ ಊರಿನ ಸಂಸಾರ ಮುರಿದಿದ್ದವು. ಮೊಟ್ಟೆಗೆ ಕೂತ ಹಕ್ಕಿಯನ್ನು ಮುಟ್ಟಿದರೆ ಗೂಡು ಬಿಟ್ಟು ಹೋಗುತ್ತದೆ, ಹಾಗಾಗಿ ದೂರದಿಂದಲೇ ನೋಡಿ ಬರೆದುಕೊಂಡರು. ವೈರ್‌ಲೆಸ್ ರೇಡಿಯೋದಲ್ಲಿ ಸುದ್ದಿ ತಿಳಿಸಿದಾಗ ಊರಲ್ಲಿದ್ದ ಅವಳ ಪ್ರೊಫೆಸರು ಅಲ್ಲಿಂದಲೇ ಕುಣಿದಾಡಿದರು. ಇದುವರೆಗೆ ಯಾರೂ ಕಾಣದ್ದು ಎಂದರು, ದೊಡ್ಡ ಸಭೆಯಲ್ಲಿ ಅವಳ ಭಾಷಣವನ್ನೂ ಗೊತ್ತುಮಾಡಿದರು. ಕೊಕ್ಕರೆಯ ಕಾಲು ನೆಲದ ಮೇಲಿರಲಿಲ್ಲ.

ವರ್ಷ ಮುಗಿಯುತ್ತ ಬಂತು. ಮರಿಗಳು ಬಲಿತವು, ಇನ್ನು ಎಲ್ಲ ಹಾರಿಹೋಗುವ ಹೊತ್ತು. ಒಂದು ಬೆಳಿಗ್ಗೆ ಅವಳು ಹೊರಗೋಡೆಯ ಮೊಳೆಯಿಂದ ತನ್ನ ಮಳೆಕೋಟು ತೆಗೆದುಕೊಂಡವಳು ನಿಂತಲ್ಲೇ ನಿಂತಳು.

"ಏ ಗಡ್ಡಪ್ಪಾ, ಬಾ ಇಲ್ಲಿ. ಈ ಕೋಟಿನ ಹೆಗಲು ಯಾವ ಬಣ್ಣ ಹೇಳು?"

"ಹಳದಿ. ಯಾಕೆ, ಕಣ್ಣು ಕಾಣ್ಸಲ್ವಾ?"

ಅವಳು ಕೋಟಿನ ತೋಳೆತ್ತಿ ಕಂಕುಳ ಸಂದಿ ತೋರಿಸಿದಳು. "ಇದು?"

ಅಲ್ಲಿ ಬಿಸಿಲು ಬೀಳದ ಕಡೆ ಅಚ್ಚ ಕಿತ್ತಳೆ. ಗಡ್ಡಪ್ಪ ತಲೆಮೇಲೆ ಕೈಹೊತ್ತು ಕೂತುಬಿಟ್ಟ. ಕಿತ್ತಳೆ ಬಳೆಗಳೂ ಹೀಗೇ ಬಿಸಿಲಿಗೆ, ಉಪ್ಪುನೀರಿಗೆ ಬಣ್ಣ ಬಿಟ್ಟು ಹಳದಿಯಾಗಿದ್ದರೆ?

"ಸುಮ್ನಿರು ತಾಯಿ," ಎಂದ ಕೊನೆಗೆ. "ಇನ್ನೇನು ದೋಣಿ ಬರುತ್ತೆ, ಹೋಗ್ತೀವಿ. ಇಲ್ಲಿಗೆ ಬಂದು ಯಾರು ನೋಡ್ತಾರೆ? ವರ್ಷದ ಕೆಲಸ ಎಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ."

"ತೊಳ್ಯೋದೇ ಆದ್ರೆ ಪೂರ್ತಿ ತೊಳ್ಯೋಣ. ಹಕ್ಕಿ ಹೋಗೋದ್ರೊಳಗೆ ಒಂದೊಂದನ್ನೂ ಹಿಡಿದು ಲೋಹದ ಬಳೆಯ ನಂಬರು ನೋಡ್ಬೇಕು. ಏಳು."

ಅಬ್ಬಾ, ಅವಳ ಹಟವೇ! ಕೈಗವಸು ತೊಟ್ಟರೆ ಬಿಲದೊಳಗೆ ಕಾಲು ಯಾವುದು, ಕೊಕ್ಕು ಯಾವುದು ತಿಳಿಯದೆಂದು ಬರಿಗೈ ಹಾಕಿದಳು. ಹಕ್ಕಿಗಳಿಗೇನು ಗೊತ್ತು ಇವಳ ಸಂಕಟ, ಸಿಕ್ಕಿದಲ್ಲಿ ಕಚ್ಚಿದವು. ಮಳೆಯಲ್ಲಿ ಕೆಸರಿಗೆ ಹೊಟ್ಟೆ ಹಚ್ಚಿ ಮಲಗಿ ಹಿಡಿದಳು, ಗಾಳಿ ಎತ್ತಿ ಒಗೆದ ದಿನ ತೆವಳಿಕೊಂಡೇ ಹೋಗಿ ಹಿಡಿದಳು. ಗೊಣಗುತ್ತಲೇ ಗಡ್ಡಪ್ಪನೂ ಹಿಡಿದ. ಪ್ರತಿ ಸಲ ನಂಬರು ಓದುವ ಮುಂಚೆ, ಇದೊಂದಾದರೂ ನಿಜವಾದ ಒಂಟಿಯಾಗಿರಲಿ ಎಂದು ಅವಳ ಮನಸ್ಸು ಆಸೆಪಡುತ್ತಿತ್ತು. ಪ್ರತಿ ಸಲವೂ ಹಳೆಯ ಗಂಡನೇ. ಒಂದೂ ಹೆಂಡತಿಯನ್ನು ಬಿಟ್ಟಿರಲಿಲ್ಲ.

ಕೊನೆಯ ಬಿಲವೂ ಮುಗಿದ ಮೇಲೆ ಅವಳು ರೇಡಿಯೋ ಹಚ್ಚಿದಳು.

"ಸರ್, ನಾನು ಹೇಳಿದ್ದೆಲ್ಲ ತಪ್ಪು. ಯಾವ ಸಂಸಾರಾನೂ ಮುರಿದಿಲ್ಲ. ಬಳೆ ಬಣ್ಣ ಹೋಗಿದೆ, ಅಷ್ಟೆ."

"ಹಾಗಾದ್ರೆ ನಿನ್ನ ವರ್ಷ?"

"ಹೋಯ್ತು ಸರ್."

ಪ್ರೊಫೆಸರು ಬೈಯಲಿಲ್ಲ, ಅದೇ ಅವಳಿಗೆ ಇನ್ನೂ ಕಷ್ಟವಾಯಿತು.

"ಈ ದೋಣಿಗೆ ಬಂದ್ಬಿಡಮ್ಮ. ಬೇರೆ ಏನಾದ್ರೂ ವಿಷಯ ನೋಡೋಣ."

"ಇಲ್ಲ ಸರ್. ದೋಣೀಲಿ ಬಣ್ಣ ಹೋಗದಂಥ ಬಳೆ ಕಳಿಸಿ. ಇನ್ನೊಂದು ವರ್ಷ ಇರ್ತೀನಿ."

"ಇಬ್ರೂನಾ?"

ಗಡ್ಡಪ್ಪ ನೆಲ ನೋಡಿದ. ಅವನು ಇಲ್ಲಿಗೆ ಬಂದ ಮೇಲೆ ಊರಲ್ಲಿ ಹುಟ್ಟಿದ ತನ್ನ ಮಗುವಿನ ಮುಖವನ್ನು ಅವನಿನ್ನೂ ಕಂಡಿರಲಿಲ್ಲ.

"ಅವ್ನು ಬರ್ತಾನೆ ಸರ್. ನಾನೊಬ್ಳೇ ಸಾಕು. ನಮ್ಮಮ್ಮಂಗೆ ಮಾತ್ರ ನಾನು ಬರಲ್ಲ ಅಂತ ನೀವೇ ಹೇಳಿ. ನಾನು ಹೇಳೋಕೆ ಹೋಗಿ ಅವಳ ದನಿ ಕೇಳಿದ್ರೆ, ದೋಣಿ ಹತ್ತಿ ಬಂದ್ಬಿಡ್ತೀನಿ."